ಟಿಶ್ಯೂ ಕಾಗದ: ಪ್ಯಾಕಿನ ಬೆಲೆಗಿಂತ ಗ್ರಾಮಿನ ಲೆಕ್ಕ ಮುಖ್ಯ

ಅಕ್ಕಿ, ಉದ್ದು, ಎಣ್ಣೆ, ಗ್ಯಾಸು, ಸಂಬಳ, ಬಾಡಿಗೆ – ಈ ಲೆಕ್ಕಗಳ ಮೇಲೆ ಎಲ್ಲ ಹೋಟೆಲ್ ಮಾಲೀಕರ ಕಣ್ಣೂ ಸದಾ ಇರುತ್ತದೆ. ಟಿಶ್ಯೂ ಕಾಗದ ಮಾತ್ರ ‘ಇತರೆ ಖರ್ಚು’ ಎಂಬ ಕಲಮಿನಲ್ಲಿ ಅಡಗಿ ಕುಳಿತಿರುತ್ತದೆ. ಯಾವ ಅಂಗಡಿಯಲ್ಲಿ ನೂರರ ಪ್ಯಾಕು ಒಂದೆರಡು ರೂಪಾಯಿ ಅಗ್ಗವೋ ಅಲ್ಲಿಂದ ತರಿಸಿದರೆ ಮುಗಿಯಿತು ಎಂಬುದು ವಾಡಿಕೆ. ಆದರೆ ಅಗ್ಗದ ಪ್ಯಾಕು ನಿಜವಾಗಿ ಅಗ್ಗವೇ ಎಂಬುದನ್ನು ತಕ್ಕಡಿಯಲ್ಲಿಟ್ಟು ನೋಡಿದವರು ಕಡಿಮೆ.

ಊರಿನ ಹೋಟೆಲುಗಳಲ್ಲಿ ಗಿರಾಕಿ ತಿಂಡಿ ಮುಗಿಸಿ ನೇರವಾಗಿ ಕೈ ತೊಳೆಯಲು ಏಳುತ್ತಾರೆ. ದೆಹಲಿಯ ಕರೋಲ್ ಬಾಗಿನಂಥ ಕಡೆ ಪದ್ಧತಿ ಬೇರೆ. ಅಜ್ಮಲ್ ಖಾನ್ ರಸ್ತೆಯಲ್ಲಿ ವ್ಯಾಪಾರ ಮಾಡುತ್ತಾ ಬರುವವರ ಕೈಯಲ್ಲಿ ಚೀಲಗಳಿರುತ್ತವೆ. ಬೇಸಿನ್ ತನಕ ಹೋಗುವುದಕ್ಕಿಂತ ಮೇಜಿನ ಮೇಲಿನ ಟಿಶ್ಯೂ ಎಳೆದುಕೊಳ್ಳುವುದು ಸುಲಭ. ಡಿಸೆಂಬರ್-ಜನವರಿಯ ಚಳಿಯಲ್ಲಿ ತಣ್ಣೀರು ಮುಟ್ಟಲು ಯಾರಿಗೂ ಮನಸ್ಸಿರುವುದಿಲ್ಲ. ಹಾಗಾಗಿ ಇಲ್ಲಿ ಕಾಗದದ ಖರ್ಚನ್ನು ಸಣ್ಣದೆಂದು ಬಿಡುವಂತಿಲ್ಲ.

ಜಿಎಸ್‌ಎಂ, ಪ್ಲೈ ಎಂದರೇನು?

ಒಂದು ಚದರ ಮೀಟರ್ ಕಾಗದ ಎಷ್ಟು ಗ್ರಾಂ ತೂಗುತ್ತದೆ ಎಂಬುದೇ ಜಿಎಸ್‌ಎಂ. ಒಂದರ ಮೇಲೊಂದು ಎಷ್ಟು ಪದರ ಇವೆ ಎಂಬುದು ಪ್ಲೈ. ಇವೆರಡರ ಜೊತೆ ಹಾಳೆಯ ಉದ್ದಗಲ ಗೊತ್ತಾದರೆ ಎಷ್ಟು ಕಾಗದ ಕೊಳ್ಳುತ್ತಿದ್ದೇವೆ ಎಂಬುದು ಗೊತ್ತಾದಂತೆ.

17 ಜಿಎಸ್‌ಎಂ ಕಾಗದ ಎಂದಿಟ್ಟುಕೊಳ್ಳಿ. 30 ಸೆಂ.ಮೀ. ಚೌಕದ ಒಂದು ಪದರದ ನ್ಯಾಪ್‌ಕಿನ್ ಸುಮಾರು 1.53 ಗ್ರಾಂ ತೂಗಬೇಕು. ನೂರಕ್ಕೆ 153 ಗ್ರಾಂ. ಅದೇ ಕಾಗದ 27 ಸೆಂ.ಮೀ. ಚೌಕವಾದರೆ ನೂರಕ್ಕೆ 124 ಗ್ರಾಂ ಮಾತ್ರ. ಮಡಿಸಿ ಇಟ್ಟಾಗ ಕಣ್ಣಿಗೆ ವ್ಯತ್ಯಾಸ ಕಾಣುವುದಿಲ್ಲ, ಆದರೆ ಶೇ. 19ರಷ್ಟು ಕಾಗದ ಕಡಿಮೆ ಬಂದಿರುತ್ತದೆ. ಉಬ್ಬಚ್ಚು ಒತ್ತಿದ ಹಾಳೆ ದಪ್ಪ ಕಾಣುತ್ತದೆ. ಅದರಿಂದ ತೂಕವೇನೂ ಹೆಚ್ಚುವುದಿಲ್ಲ. ಆದ್ದರಿಂದ ಮೊದಲು ಹಾಳೆ ಬಿಚ್ಚಿ ಸ್ಕೇಲಿನಲ್ಲಿ ಅಳೆಯಿರಿ, ನೂರು ಹಾಳೆ ಎಣಿಸಿ, ಕವರ್ ತೆಗೆದು ಅಡುಗೆಮನೆಯ ತಕ್ಕಡಿಯಲ್ಲಿ ತೂಗಿರಿ.

ಟಾಯ್ಲೆಟ್ ರೋಲ್ ಮತ್ತು ಕಿಚನ್ ರೋಲಿಗೂ ಇದೇ ನಿಯಮ. ಒಳಗಿನ ರಟ್ಟಿನ ಕೊಳವೆ ದಪ್ಪವಾಗಿದ್ದು, ಕಾಗದವನ್ನು ಸಡಿಲವಾಗಿ ಸುತ್ತಿದ್ದರೆ ರೋಲ್ ದೊಡ್ಡದಾಗಿ ಕಾಣುತ್ತದೆ. ಕಾಗದ ಮುಗಿದ ಮೇಲೆ ಕೊಳವೆಯನ್ನು ತೂಗಿ ಒಟ್ಟು ತೂಕದಲ್ಲಿ ಕಳೆಯಿರಿ.

ಒಬ್ಬ ಗಿರಾಕಿಗೆ ಎಷ್ಟು ಬಿತ್ತು?

ಕಿಲೋ ಲೆಕ್ಕ ಅರ್ಧ ಕಥೆ ಮಾತ್ರ. ಒಬ್ಬರು ಎಷ್ಟು ಹಾಳೆ ಎಳೆಯುತ್ತಾರೆ ಎಂಬುದು ಉಳಿದ ಅರ್ಧ. ಈ ಕೆಳಗಿನ ಬೆಲೆಗಳು ಲೆಕ್ಕ ತೋರಿಸುವುದಕ್ಕೆ ಮಾತ್ರ. ನಿಮ್ಮ ಖರೀದಿ ಬೆಲೆ ಹಾಕಿ ನೋಡಿ.

ಮೊದಲ ಬಗೆ: 27 ಸೆಂ.ಮೀ., ಒಂದು ಪದರ, ನೂರಕ್ಕೆ 20 ರೂ. ತೂಕ 124 ಗ್ರಾಂ. ಕಿಲೋಗೆ ಸುಮಾರು 161 ರೂ.
ಎರಡನೇ ಬಗೆ: 30 ಸೆಂ.ಮೀ., ಎರಡು ಪದರ, ನೂರಕ್ಕೆ 36 ರೂ. ತೂಕ 306 ಗ್ರಾಂ. ಕಿಲೋಗೆ ಸುಮಾರು 118 ರೂ.

ತುಪ್ಪದ ದೋಸೆ ತಿಂದವರ ಬೆರಳಿಗೆ ತೆಳು ಹಾಳೆ ಅಂಟಿ ಹರಿಯುತ್ತದೆ. ನಾಲ್ಕು ಬೇಕಾದರೆ 80 ಪೈಸೆ. ಎರಡು ಪದರದ್ದು ಎರಡೇ ಸಾಕಾದರೆ 72 ಪೈಸೆ. ದಿನಕ್ಕೆ 300 ಗಿರಾಕಿಗಳಿದ್ದರೆ 24 ರೂ., ತಿಂಗಳಿಗೆ 720 ರೂ. ಉಳಿತಾಯ. ಆದರೆ ನಿಮ್ಮಲ್ಲಿ ಕಾಫಿ-ಟೀ ಗಿರಾಕಿಗಳೇ ಹೆಚ್ಚಿದ್ದು ಒಂದೇ ತೆಳು ಹಾಳೆ ಸಾಕಾಗುತ್ತಿದ್ದರೆ ಲೆಕ್ಕ ತಿರುಗಿಬೀಳುತ್ತದೆ. ಆದ್ದರಿಂದ ಒಂದು ವಾರ ಒಂದು ಬಗೆ, ಮರುವಾರ ಇನ್ನೊಂದು ಬಗೆ ಇಟ್ಟು, ಖಾಲಿಯಾದ ಪ್ಯಾಕುಗಳನ್ನೂ ಬಿಲ್ಲುಗಳನ್ನೂ ಎಣಿಸಿ ನೋಡುವುದೇ ಸರಿಯಾದ ದಾರಿ.

ಇನ್ನೊಂದು ಮಾತು: ಸಾಮಾನ್ಯ ಹೋಟೆಲುಗಳಿಗೆ 2017ರ ನವೆಂಬರ್ 15ರಿಂದ ಶೇ. 5 ಜಿಎಸ್‌ಟಿ, ಖರೀದಿಯ ಮೇಲೆ ಕಟ್ಟಿದ ತೆರಿಗೆಯನ್ನು ನಾವು ಕಳೆದುಕೊಳ್ಳುವಂತಿಲ್ಲ. ಎಂದರೆ ಕಾಗದದ ಮೇಲಿನ ತೆರಿಗೆಯೂ ನಮ್ಮ ಖರ್ಚೇ. ಹೋಲಿಸುವಾಗ ತೆರಿಗೆ ಸೇರಿದ ಬೆಲೆಯನ್ನೇ ಹೋಲಿಸಬೇಕು.

ಗುಣಮಟ್ಟ ನೋಡುವ ನಾಲ್ಕು ಸುಲಭ ಪರೀಕ್ಷೆಗಳು

1. ತಟ್ಟೆಯಲ್ಲಿ ಒಂದು ಚಮಚ ನೀರು ಚೆಲ್ಲಿ ಹಾಳೆ ಇಡಿ. ಒಳ್ಳೆಯ ಕಾಗದ ಥಟ್ಟನೆ ಹೀರುತ್ತದೆ. ಕೆಟ್ಟದ್ದು ನೀರನ್ನು ತಳ್ಳಿಕೊಂಡು ಹೋಗುತ್ತದೆ.
2. ಒದ್ದೆ ಹಾಳೆಯನ್ನು ಎತ್ತಿ ಹಿಡಿಯಿರಿ. ತಕ್ಷಣ ಮುದ್ದೆಯಾಗಿ ಬಿದ್ದರೆ ಮೇಜಿಗೆ ತಕ್ಕದ್ದಲ್ಲ. ಟಾಯ್ಲೆಟ್ ಕಾಗದ ಮಾತ್ರ ನೀರಿನಲ್ಲಿ ಬೇಗ ಬಿಚ್ಚಿಕೊಳ್ಳಬೇಕು, ಇಲ್ಲದಿದ್ದರೆ ಪೈಪು ಕಟ್ಟುತ್ತದೆ.
3. ಕಪ್ಪು ಬಟ್ಟೆಯ ಮೇಲೆ ಕೊಡವಿ. ಬಿಳಿ ಪುಡಿ ಉದುರಿದರೆ ಆ ಪುಡಿಯೇ ಲೋಟ, ತಟ್ಟೆ, ತಿಂಡಿಯ ಮೇಲೂ ಬೀಳುತ್ತದೆ. ಕಾಗದವನ್ನು ಮರುಬಳಕೆ ಮಾಡಿದಷ್ಟೂ ನಾರು ಗಿಡ್ಡವಾಗುವುದು ಇದಕ್ಕೆ ಒಂದು ಕಾರಣ.
4. ಕಳ್ಳನೋಟು ನೋಡಲು ಗಲ್ಲಾದಲ್ಲಿ ಇಟ್ಟಿರುವ ನೇರಳೆ ದೀಪದ ಕೆಳಗೆ ಹಿಡಿಯಿರಿ. ಹೊಳೆಯುವ ನೀಲಿ ಕಂಡರೆ ಬಿಳುಪಿನ ರಾಸಾಯನಿಕವಿದೆ ಎಂದರ್ಥ; ಹಳೆಯ ಕಚೇರಿ ಕಾಗದದಿಂದ ಮಾಡಿದ ಮಾಲಿನಲ್ಲಿ ಇದು ಸಾಮಾನ್ಯ. ಅದು ವಿಷವೆಂದಲ್ಲ, ಕೈ ಒರೆಸಲು ನಡೆಯುತ್ತದೆ. ಆದರೆ ತಿಂಡಿಗೆ ತಾಗುವ ಕಡೆ ಅದನ್ನು ಬಳಸದಿರುವುದು ಕ್ಷೇಮ.

ಉಳಿತಾಯ ಮಾಡಬಾರದ ಜಾಗ

ಕೈ ಒರೆಸುವ ಕಾಗದದಲ್ಲಿ ಹತ್ತು ಪೈಸೆ ಉಳಿಸಬಹುದು. ಆಹಾರಕ್ಕೆ ತಾಗುವ ಕಾಗದದಲ್ಲಿ ಉಳಿಸಬಾರದು. ವಡೆ, ಬೋಂಡದ ಎಣ್ಣೆ ಹೀರಿಸಲು ಹಳೆಯ ಪತ್ರಿಕೆ ಹಾಸುವ ರೂಢಿ ಇನ್ನೂ ಹಲವೆಡೆ ಇದೆ. ಬಿಸಿ ಎಣ್ಣೆಗೆ ಮುದ್ರಣದ ಶಾಯಿ ಬಿಟ್ಟು ತಿಂಡಿಗೆ ಅಂಟುತ್ತದೆ. ಆಹಾರ ಸುರಕ್ಷತಾ ಪ್ರಾಧಿಕಾರ 2016ರ ಡಿಸೆಂಬರಿನಲ್ಲೇ ಈ ಬಗ್ಗೆ ಎಚ್ಚರಿಸಿತ್ತು. 2018ರ ಪ್ಯಾಕೇಜಿಂಗ್ ನಿಯಮಗಳು ಆಹಾರ ಕಟ್ಟಲು ಪತ್ರಿಕೆಯ ಬಳಕೆಯನ್ನು ನಿಷೇಧಿಸಿದವು. ಇವು 2019ರ ಜುಲೈ 1ರಿಂದ ಜಾರಿಯಲ್ಲಿವೆ. ಗಿರಾಕಿಯ ಆರೋಗ್ಯ, ನಮ್ಮ ಲೈಸೆನ್ಸ್ ಎರಡೂ ಇದರಲ್ಲಿ ಸೇರಿವೆ. ವಡೆಯ ತಟ್ಟೆಗೆ ಆಹಾರಕ್ಕೆಂದೇ ತಯಾರಿಸಿದ ಕಿಚನ್ ಟವಲ್ ಹಾಸಿ. ಅಥವಾ ಜಾಲರಿಯಲ್ಲಿ ಎಣ್ಣೆ ಸೋರಲು ಬಿಡಿ, ಕಾಗದದ ಖರ್ಚೇ ಉಳಿಯುತ್ತದೆ. ಪಾರ್ಸೆಲಿಗೆ ಬಾಳೆಲೆ ಸಿಕ್ಕರೆ ಅದಕ್ಕಿಂತ ಒಳ್ಳೆಯದಿಲ್ಲ.

ಖರೀದಿ, ದಾಸ್ತಾನು

ಕರೋಲ್ ಬಾಗಿನವರಿಗೆ ಸದರ್ ಬಜಾರಿನ ಸಗಟು ಪೇಟೆ ಹತ್ತಿರ. ಕಾಗದದ ವ್ಯಾಪಾರಕ್ಕೆ ಹೆಸರಾದ ಚಾವ್‌ಡಿ ಬಜಾರ್ ಕೂಡ ದೂರವಲ್ಲ. ಕರೋಲ್ ಬಾಗ್ ಪೇಟೆಗೆ ಸೋಮವಾರ ರಜೆ, ಸದರ್ ಬಜಾರಿಗೆ ಭಾನುವಾರ. ಹಾಗಾಗಿ ವ್ಯಾಪಾರ ತಣ್ಣಗಿರುವ ಸೋಮವಾರವೇ ಹೋಗಿ, ನಾಲ್ಕು ಅಂಗಡಿಯ ಒಂದೊಂದು ಮಾದರಿ ಪ್ಯಾಕು ತಂದು ಪರೀಕ್ಷಿಸಬಹುದು. ಒಪ್ಪಿಗೆಯಾದ ಬಗೆಯ ಅಳತೆ, ಪ್ಲೈ, ಜಿಎಸ್‌ಎಂ, ಹಾಳೆಗಳ ಸಂಖ್ಯೆಯನ್ನು ಬಿಲ್ಲಿನ ಮೇಲೆಯೇ ಬರೆಸಿಕೊಳ್ಳಿ. ಎರಡನೇ ಸಲದ ಮಾಲು ಮಾದರಿಗಿಂತ ತೆಳುವಾಗಿ ಬಂದರೆ ಕೇಳಲು ಆಧಾರ ಇರುತ್ತದೆ.

ಜುಲೈ-ಆಗಸ್ಟಿನಲ್ಲಿ ಕಾಗದ ಗಾಳಿಯ ತೇವ ಹೀರಿ ತೂಕ ಹೆಚ್ಚು ತೋರಿಸಬಹುದು. ಆ ತಿಂಗಳುಗಳಲ್ಲಿ ಎರಡು ಬಗೆಯನ್ನೂ ಒಂದೇ ದಿನ ತೂಗಿರಿ. ದಾಸ್ತಾನನ್ನು ನೆಲದಿಂದ ಮೇಲೆ, ಗೋಡೆಗೆ ತಾಗದಂತೆ, ಮಸಾಲೆ ಮತ್ತು ಫಿನಾಯಿಲ್ ಎರಡರಿಂದಲೂ ದೂರ ಇಡಿ. ಕಾಗದ ವಾಸನೆಯನ್ನೂ ಹೀರುತ್ತದೆ.

ಮೇಜಿನ ಮೇಲೆ ಪೂರ್ತಿ ಪ್ಯಾಕು ಇಡುವ ಬದಲು ಒಂದೊಂದೇ ಹಾಳೆ ಬರುವ ಡಬ್ಬಿ ಇಟ್ಟರೆ ಫ್ಯಾನಿನ ಗಾಳಿಗೆ ಹಾರಿಹೋಗುವುದೂ ತಪ್ಪುತ್ತದೆ. ಹಾಗೆಂದು ಗಿರಾಕಿ ಕೇಳಿದಾಗ ಇನ್ನೊಂದು ಹಾಳೆ ಕೊಡಲು ಮಾಣಿ ಹಿಂದೆಮುಂದೆ ನೋಡಬಾರದು. ಉಳಿತಾಯ ಮಾಡಬೇಕಾದದ್ದು ಖರೀದಿಯಲ್ಲಿ, ಉಪಚಾರದಲ್ಲಿ ಅಲ್ಲ.