ಗಲ್ಲಾಪೆಟ್ಟಿಗೆಯ ಪಾಠ ಬ್ಲ್ಯಾಕ್ ಬುಕ್ಕಿನಲ್ಲಿ ಏಕಿಲ್ಲ?

ವಾಣಿಜ್ಯ ವಿದ್ಯಾರ್ಥಿಗಳ ಸಂಶೋಧನೆ: ಮನೆಯೊಳಗಿನ ವಿಷಯ ಬಿಟ್ಟು ದೂರದ ಕಂಪೆನಿಗಳ ಬೆನ್ನು ಹತ್ತಿದ ಯುವಜನ

ಮುಂಬಯಿ: ಫೆಬ್ರವರಿ ಕಳೆದು ಮಾರ್ಚ್ ಬಂತೆಂದರೆ ಮಹಾನಗರದ ಕಾಲೇಜುಗಳ ಎದುರಿನ ಝೆರಾಕ್ಸ್ ಅಂಗಡಿಗಳಿಗೆ ಪುರುಸೊತ್ತೇ ಇರುವುದಿಲ್ಲ. ಕಪ್ಪು ರಟ್ಟಿನ ಮೇಲೆ ಬಂಗಾರದ ಅಕ್ಷರಗಳಲ್ಲಿ ಕಾಲೇಜಿನ ಹೆಸರು, ವಿದ್ಯಾರ್ಥಿಯ ಹೆಸರು, ಮಾರ್ಗದರ್ಶಕರ ಹೆಸರು. ಒಳಗೆ ಎಂಬತ್ತೋ ನೂರೋ ಪುಟ. ಬಿ.ಎಂ.ಎಸ್., ಅಕೌಂಟಿಂಗ್ ಆ್ಯಂಡ್ ಫೈನಾನ್ಸ್, ಬ್ಯಾಂಕಿಂಗ್ ಆ್ಯಂಡ್ ಇನ್ಶೂರೆನ್ಸ್ ಮುಂತಾದ ಶಾಖೆಗಳ ಅಂತಿಮ ವರ್ಷದ ವಿದ್ಯಾರ್ಥಿಗಳು ಸಲ್ಲಿಸುವ ಈ ಪ್ರಾಜೆಕ್ಟ್ ವರದಿಗೆ ಮುಂಬಯಿಯ ಕಾಲೇಜು ಭಾಷೆಯಲ್ಲಿ ಬ್ಲ್ಯಾಕ್ ಬುಕ್ ಎಂದೇ ಹೆಸರು.

ಹೆಸರಿಗೆ ಇದು ಸಂಶೋಧನೆ. ಆದರೆ ನಡೆಯುತ್ತಿರುವುದು ಏನೆಂಬುದು ವಿದ್ಯಾರ್ಥಿಗಳಿಗೂ ಗೊತ್ತು, ಪ್ರಾಧ್ಯಾಪಕರಿಗೂ ಗೊತ್ತು. ಹೋದ ವರ್ಷದ ಅಣ್ಣನ ಪುಸ್ತಕವನ್ನು ಈ ವರ್ಷದ ತಮ್ಮ ಇಸಿದುಕೊಳ್ಳುತ್ತಾನೆ. ಹೆಸರು ಬದಲಾಗುತ್ತದೆ, ಇಸವಿ ಬದಲಾಗುತ್ತದೆ. ಒಳಗಿನ ಪುಟಗಳು ಮಾತ್ರ ಹಾಗೆಯೇ ಉಳಿಯುತ್ತವೆ. ಅಷ್ಟೂ ತೊಂದರೆ ಬೇಡ ಎನ್ನುವವರಿಗೆ ಹಣ ಕೊಟ್ಟರೆ ಸಿದ್ಧ ಪ್ರಾಜೆಕ್ಟ್ ಕೈಸೇರುತ್ತದೆ. ಇತ್ತೀಚೆಗಂತೂ ಕಂಪ್ಯೂಟರಿಗೆ ಒಂದು ವಾಕ್ಯ ಹೇಳಿದರೆ ಅದೇ ಇಡೀ ಅಧ್ಯಾಯವನ್ನು ಬರೆದುಕೊಡುತ್ತದೆ. ವಿಷಯಗಳೂ ಸವೆದುಹೋಗಿವೆ. ಒಂದು ದೊಡ್ಡ ಮೊಬೈಲ್ ಕಂಪೆನಿಯ ಗ್ರಾಹಕರ ತೃಪ್ತಿ, ಒಂದು ದೊಡ್ಡ ಬ್ಯಾಂಕಿನ ಅನುಪಾತ ವಿಶ್ಲೇಷಣೆ, ಮ್ಯೂಚುವಲ್ ಫಂಡ್ ಕುರಿತು ಜನರ ಅರಿವು. ಇವನ್ನು ದಾಟಿ ಹೋಗುವ ಮಕ್ಕಳು ವಿರಳ.

ಇದು ಎಲ್ಲ ಭಾಷಿಕರ ಮಕ್ಕಳ ಕಥೆಯೂ ಹೌದು. ಆದರೆ ಮಹಾನಗರದ ತುಳು-ಕನ್ನಡಿಗರ ಮಟ್ಟಿಗೆ ಇದರಲ್ಲಿ ಬೇರೆಯೇ ಒಂದು ನಷ್ಟವಿದೆ. ಯಾವ ಮಗುವಿನ ತಂದೆ ಬೆಳಗ್ಗೆ ಐದಕ್ಕೆ ಹೊಟೇಲಿನ ಶಟರ್ ಎತ್ತುತ್ತಾರೋ, ಯಾವ ಮಗುವಿನ ಮಾವ ಕ್ರೆಡಿಟ್ ಸೊಸೈಟಿಯ ನಿರ್ದೇಶಕರೋ, ಯಾವ ಮನೆಯಲ್ಲಿ ಅಮ್ಮ ತಿಂಗಳು ತಿಂಗಳು ಚೀಟಿ ಕಟ್ಟುತ್ತಾರೋ, ಆ ಮಗು ಸಂಶೋಧನೆಗೆ ವಿಷಯ ಸಿಗಲಿಲ್ಲವೆಂದು ಝೆರಾಕ್ಸ್ ಅಂಗಡಿಗೆ ಹೋಗುತ್ತಿದೆ.

ಹೊರಗಿನವರು ಕಂಡದ್ದು

ಮುಂಬಯಿಯ ಡಬ್ಬಾವಾಲಾಗಳು ಯಾವುದೇ ಕಾಲೇಜಿನಲ್ಲಿ ಮ್ಯಾನೇಜ್‌ಮೆಂಟ್ ಕಲಿತವರಲ್ಲ. ಆದರೆ 2010ರಲ್ಲಿ ಅಮೆರಿಕದ ಹಾರ್ವರ್ಡ್ ಬಿಸಿನೆಸ್ ಸ್ಕೂಲ್ ಅವರ ಕೆಲಸದ ಕ್ರಮದ ಬಗ್ಗೆಯೇ ಕೇಸ್ ಸ್ಟಡಿ ಪ್ರಕಟಿಸಿತು. ಡಬ್ಬಾವಾಲಾ ಹೊತ್ತೊಯ್ಯುವ ಬುತ್ತಿ ಅಧ್ಯಯನದ ವಸ್ತುವಾಗಬಹುದಾದರೆ ಉಡುಪಿ ಹೊಟೇಲಿನ ಇಡ್ಲಿ ತಟ್ಟೆ ಏಕಾಗಬಾರದು?

ವಾಸ್ತವವಾಗಿ ಅದೂ ಆಗಿದೆ, ಮಾಡಿದವರು ಮಾತ್ರ ಹೊರಗಿನವರು. ಚಿತ್ರಾಪುರ ಸಾರಸ್ವತರ ಇತಿಹಾಸ ಬರೆದ ಅಮೆರಿಕದ ಇತಿಹಾಸಕಾರ ಫ್ರಾಂಕ್ ಕಾನ್ಲನ್ ಅವರು 1995ರಲ್ಲಿ ಪ್ರಕಟವಾದ ಪ್ರಬಂಧವೊಂದರಲ್ಲಿ ಮುಂಬಯಿಗರ ಹೊರಗೆ ಉಣ್ಣುವ ಅಭ್ಯಾಸದ ಚರಿತ್ರೆಯನ್ನು ಬಿಡಿಸಿಟ್ಟರು. 2012ರಲ್ಲಿ ಡೆನ್ಮಾರ್ಕಿನ ಸ್ಟಿಗ್ ಟಾಫ್ಟ್ ಮ್ಯಾಡ್ಸೆನ್ ಅವರು ಜೆಫ್ರಿ ಗಾರ್ಡೆಲಾ ಅವರ ಜತೆ ಸೇರಿ ಉಡುಪಿ ಹೊಟೇಲುಗಳ ಉದ್ಯಮಶೀಲತೆಯ ಬಗ್ಗೆಯೇ ಬರೆದ ಪ್ರಬಂಧ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಪ್ರಕಾಶನದಿಂದ ಬಂದ ಗ್ರಂಥದಲ್ಲಿ ಸೇರಿತು. ಮುಂಬಯಿ ವಿಶ್ವವಿದ್ಯಾಲಯದ ಕನ್ನಡ ವಿಭಾಗವು ಇಲ್ಲಿನ ಕನ್ನಡಿಗರ ಸಾಹಿತ್ಯ, ಬದುಕು, ಸಂಘ ಸಂಸ್ಥೆಗಳ ಕುರಿತು ಸಂಶೋಧನೆ ನಡೆಸುತ್ತ ಬಂದಿರುವುದು ಶ್ಲಾಘನೀಯ. ವಾಣಿಜ್ಯ ಕಲಿಯುವ ಮಕ್ಕಳ ಕಡೆಯಿಂದ ಮಾತ್ರ ಆ ಉತ್ಸಾಹ ಕಾಣುತ್ತಿಲ್ಲ.

ಒಂದು ಹೊಟೇಲು, ಹತ್ತು ಪ್ರಶ್ನೆ

ಮಾಟುಂಗದಲ್ಲಿ 1942ರಲ್ಲಿ ಆರಂಭವಾದ ರಾಮ ನಾಯಕರ ಶ್ರೀಕೃಷ್ಣ ಬೋರ್ಡಿಂಗ್‌ನಂಥ ಸಂಸ್ಥೆಗಳು ಒಂದೇ ಕಸುಬಿನಲ್ಲಿ ತಲೆಮಾರುಗಳನ್ನು ಕಂಡವು. ಅವು ಉಳಿದದ್ದು ಹೇಗೆ, ಅದೇ ಬೀದಿಯಲ್ಲಿ ಬಂದ ಮತ್ತೆ ಎಷ್ಟೋ ಹೊಟೇಲುಗಳು ಮುಚ್ಚಿದ್ದೇಕೆ? ಅಕೌಂಟೆನ್ಸಿ ಓದುವ ಹುಡುಗನಿಗೆ ಇದಕ್ಕಿಂತ ದೊಡ್ಡ ವಿಷಯ ಬೇಕಿಲ್ಲ. ಆದರೆ ಪ್ರಶ್ನೆ ಸಣ್ಣದಾಗಿರಬೇಕು. 'ಮುಂಬಯಿಯ ಹೊಟೇಲು ಉದ್ಯಮ' ಎಂಬುದು ಸಂಶೋಧನೆಯ ವಿಷಯವಲ್ಲ, ಭಾಷಣದ ವಿಷಯ.

ಉದಾಹರಣೆಗೆ ಮಧ್ಯಾಹ್ನದ ಊಟದ ಹೊತ್ತನ್ನೇ ತೆಗೆದುಕೊಳ್ಳಬಹುದು. ಹದಿನೈದು ಮೇಜು, ಅರುವತ್ತು ಆಸನಗಳ ಹೊಟೇಲು ಎಂದಿಟ್ಟುಕೊಳ್ಳಿ. ಹನ್ನೆರಡರಿಂದ ಮೂರರವರೆಗೆ ರಶ್. ಒಬ್ಬ ಗಿರಾಕಿ ಅರ್ಧ ಗಂಟೆಯಲ್ಲಿ ಎದ್ದರೆ ಪ್ರತಿ ಆಸನಕ್ಕೆ ಆರು ಸರದಿ, ಅಂದರೆ 360 ಊಟ. ಮುಕ್ಕಾಲು ಗಂಟೆ ಕುಳಿತರೆ ನಾಲ್ಕೇ ಸರದಿ, 240 ಊಟ. ಬಾಡಿಗೆ ಅದೇ, ಸಂಬಳ ಅದೇ, 120 ಊಟ ಕಡಿಮೆ. ಬಿಲ್ಲನ್ನು ಊಟ ಮುಗಿಯುವ ಮೊದಲೇ ಮೇಜಿನ ಮೇಲಿಡುವ, ಮಜ್ಜಿಗೆ ಬಂದೊಡನೆ ಬಾಳೆಹಣ್ಣನ್ನೂ ತಂದಿಡುವ ಹಳೆಯ ಮಾಲಕರಿಗೆ ಈ ಲೆಕ್ಕ ಕಾಗದವಿಲ್ಲದೆ ಗೊತ್ತಿತ್ತು. ವಿದ್ಯಾರ್ಥಿಗೆ ಬೇಕಾದದ್ದು ಒಂದು ಗಡಿಯಾರ, ಒಂದು ನೋಟ್‌ಬುಕ್ ಮತ್ತು ಎರಡು ವಾರ ಮೂಲೆಯ ಮೇಜಿನಲ್ಲಿ ಕುಳಿತುಕೊಳ್ಳಲು ಅನುಮತಿ. ಯಾವ ವೆಬ್‌ಸೈಟಿನಲ್ಲೂ ಸಿಗದ ಅಂಕಿ ಅಂಶ ಅವನದೇ ಆಗುತ್ತದೆ.

ತೆರಿಗೆಯ ವಿಷಯವೂ ಇದೆ. 2017ರ ನವೆಂಬರ್ 15ರಿಂದ ಸಾಮಾನ್ಯ ರೆಸ್ಟೋರೆಂಟುಗಳ ಜಿ.ಎಸ್.ಟಿ. ಶೇ. 5ಕ್ಕೆ ಇಳಿಯಿತು. ಗಿರಾಕಿಗಳು ಸಂತೋಷಪಟ್ಟರು. ಆದರೆ ಅದರ ಜತೆಗೇ ಇನ್‌ಪುಟ್ ಕ್ರೆಡಿಟ್ ಹೋಯಿತು. ಮಾಲಕರು ಖರೀದಿಯಲ್ಲಿ, ಬಾಡಿಗೆಯಲ್ಲಿ ಕಟ್ಟಿದ ತೆರಿಗೆಯನ್ನು ಕಳೆದುಕೊಳ್ಳುವಂತಿಲ್ಲ. ತಿಂಗಳಿಗೆ ಎರಡು ಲಕ್ಷ ಬಾಡಿಗೆ ಇದ್ದು ಅದರ ಮೇಲೆ ಶೇ. 18 ತೆರಿಗೆ ಬಿದ್ದರೆ 36 ಸಾವಿರ ರೂಪಾಯಿ ನೇರವಾಗಿ ಖರ್ಚಿನ ಖಾತೆಗೆ. ಸ್ವಂತ ಜಾಗದವರಿಗೂ, ಬಾಡಿಗೆಯವರಿಗೂ, ಕಂಡಕ್ಟಿಂಗ್‌ಗೆ ಹೊಟೇಲು ನಡೆಸುವವರಿಗೂ ಇದರ ಪೆಟ್ಟು ಒಂದೇ ಸಮ ಬಿದ್ದಿತೇ? ಮೂರು ಬಗೆಯ ಹೊಟೇಲುಗಳ ಲೆಕ್ಕ ಪಕ್ಕಪಕ್ಕ ಇಟ್ಟು ನೋಡಿದರೆ ಎಂ.ಕಾಂ.ನ ಒಂದು ಒಳ್ಳೆಯ ಪ್ರಬಂಧ ಸಿದ್ಧ. ಮನೆಗೇ ತಿಂಡಿ ತಲಪಿಸುವ ಆ್ಯಪ್‌ಗಳ ಮೂಲಕ ಮಾರಿದ ಊಟದ ತೆರಿಗೆಯನ್ನು 2022ರ ಜನವರಿಯಿಂದ ಆ ಕಂಪೆನಿಗಳೇ ಕಟ್ಟುತ್ತಿವೆ. ಅವುಗಳ ಕಮಿಷನ್ ಕಳೆದು ಒಂದು ಮಸಾಲೆ ದೋಸೆಯ ಮೇಲೆ ಮಾಲಕರ ಕೈಗೆ ಉಳಿಯುವುದೆಷ್ಟು ಎಂದು ಲೆಕ್ಕ ಹಾಕಿದವರೂ ಕಡಿಮೆ.

ಇಲ್ಲಿ ಒಂದು ಅಡ್ಡಿ ಇರುವುದನ್ನು ಮರೆಯುವಂತಿಲ್ಲ. ಲೆಕ್ಕದ ಪುಸ್ತಕ ತೋರಿಸಲು ಮಾಲಕರು ಹಿಂಜರಿಯುತ್ತಾರೆ. ಹುಡುಗ ನಮ್ಮವನೇ ಆದರೂ ಅಂಕಿ ಎಲ್ಲಿಗೆ ಹೋಗಿ ಮುಟ್ಟುತ್ತದೋ ಎಂಬ ಅಂಜಿಕೆ ಅವರದು. ಅದರಲ್ಲಿ ತಪ್ಪೇನೂ ಇಲ್ಲ. ಇದಕ್ಕೆ ಸಂಶೋಧನಾ ಕ್ರಮದಲ್ಲೇ ದಾರಿ ಇದೆ: ಹೊಟೇಲಿನ ಹೆಸರು ಬರೆಯದೆ 'ಹೊಟೇಲು ಅ', 'ಹೊಟೇಲು ಆ' ಎನ್ನುವುದು, ರೂಪಾಯಿ ಕೊಡದೆ ನೂರು ರೂಪಾಯಿ ವ್ಯಾಪಾರದಲ್ಲಿ ದಿನಸಿಗೆ ಎಷ್ಟು, ಗ್ಯಾಸಿಗೆ ಎಷ್ಟು, ಸಂಬಳಕ್ಕೆ ಎಷ್ಟು ಎಂದು ಶೇಕಡಾವಾರು ಕೊಡುವುದು, ಬರೆದದ್ದನ್ನು ಬೈಂಡಿಂಗ್‌ಗೆ ಕೊಡುವ ಮೊದಲು ಮಾಲಕರಿಗೆ ಓದಿ ಹೇಳುವುದು. ಇದನ್ನು ಹೇಳಿಕೊಡಬೇಕಾದ ಹೊಣೆ ಮಾರ್ಗದರ್ಶಕರದು.

ಪಿಗ್ಮಿಯಿಂದ ಪತ್‌ಪೇಢಿಗೆ

ಬ್ಯಾಂಕಿಂಗ್ ಓದುವವರಿಗಂತೂ ಊರಿನ ಇತಿಹಾಸವೇ ಪಠ್ಯಪುಸ್ತಕ. 1925ರಲ್ಲಿ ಉಡುಪಿಯಲ್ಲಿ ಕೇವಲ 8,000 ರೂ. ಬಂಡವಾಳದಿಂದ ಹುಟ್ಟಿದ ಸಿಂಡಿಕೇಟ್ ಬ್ಯಾಂಕ್ 1928ರಲ್ಲಿ ಪಿಗ್ಮಿ ಠೇವಣಿ ಆರಂಭಿಸಿತು. ಏಜೆಂಟರು ಮನೆಬಾಗಿಲಿಗೇ ಬಂದು ದಿನಕ್ಕೆ ಎರಡಾಣೆಯಷ್ಟು ಸಣ್ಣ ಮೊತ್ತವನ್ನೂ ಸಂಗ್ರಹಿಸುತ್ತಿದ್ದರು. ಇಂದು ಮಾರ್ಕೆಟಿಂಗ್ ತರಗತಿಯಲ್ಲಿ ಗ್ರಾಹಕನ ಬಾಗಿಲಿಗೆ ಸೇವೆ ಎಂದು ದೊಡ್ಡ ದೊಡ್ಡ ಶಬ್ದಗಳಲ್ಲಿ ಹೇಳುವುದನ್ನು ಟಿ.ಎಂ.ಎ. ಪೈ ಮತ್ತು ಅವರ ಸಂಗಡಿಗರು ಅಂದೇ ಮಾಡಿ ತೋರಿಸಿದ್ದರು. ಆ ಹೆಸರು ಈಗ ಫಲಕಗಳಲ್ಲಿ ಇಲ್ಲ. ವಿಜಯ ಬ್ಯಾಂಕ್ 2019ರ ಎಪ್ರಿಲ್ 1ರಂದು ಬ್ಯಾಂಕ್ ಆಫ್ ಬರೋಡಾದಲ್ಲಿ, ಅದರ ಮರುವರ್ಷ ಅದೇ ದಿನ ಸಿಂಡಿಕೇಟ್ ಬ್ಯಾಂಕ್ ಕೆನರಾ ಬ್ಯಾಂಕಿನಲ್ಲಿ, ಕಾರ್ಪೊರೇಷನ್ ಬ್ಯಾಂಕ್ ಯೂನಿಯನ್ ಬ್ಯಾಂಕಿನಲ್ಲಿ ವಿಲೀನವಾದವು. ಆ ಬ್ಯಾಂಕುಗಳಲ್ಲಿ ದುಡಿದು ನಿವೃತ್ತರಾದ ಎಷ್ಟೋ ಹಿರಿಯರು ಮುಂಬಯಿಯಲ್ಲೇ ಇದ್ದಾರೆ. ವಿಲೀನದ ಬಳಿಕ ಹಳೆಯ ಗಿರಾಕಿಗಳು ಉಳಿದರೇ, ಚದರಿದರೇ ಎಂದು ಕೇಳಿ ಬರೆದುಕೊಳ್ಳಲು ಇದು ಸಕಾಲ. ಹತ್ತು ವರ್ಷ ಕಳೆದರೆ ಹೇಳುವವರೇ ಇರಲಾರರು.

ಇದಕ್ಕಿಂತ ತುರ್ತಿನದು ಸಹಕಾರಿ ಸಂಸ್ಥೆಗಳ ವಿಷಯ. 2019ರ ಸೆಪ್ಟೆಂಬರ್‌ನಲ್ಲಿ ಪಂಜಾಬ್ ಆ್ಯಂಡ್ ಮಹಾರಾಷ್ಟ್ರ ಕೋ-ಆಪರೇಟಿವ್ ಬ್ಯಾಂಕಿನ ಮೇಲೆ ರಿಸರ್ವ್ ಬ್ಯಾಂಕ್ ನಿರ್ಬಂಧ ಹೇರಿದಾಗ ಖಾತೆದಾರರಿಗೆ ಮೊದಲು ಸಿಕ್ಕಿದ್ದು 1,000 ರೂ. ತೆಗೆಯುವ ಅನುಮತಿ ಮಾತ್ರ. ಬ್ಯಾಂಕಿನ ಸಾಲದ ಬಹುಪಾಲು ಒಂದೇ ಕಟ್ಟಡ ನಿರ್ಮಾಣ ಸಮೂಹಕ್ಕೆ ಹೋಗಿತ್ತು. ಅದನ್ನು ಮುಚ್ಚಿಡಲು ಸಾವಿರಾರು ನಕಲಿ ಖಾತೆಗಳನ್ನು ತೋರಿಸಲಾಗಿತ್ತು. ಆ ಬ್ಯಾಂಕಿನ ಅಚ್ಚಾದ ವಾರ್ಷಿಕ ವರದಿಯನ್ನಿಟ್ಟುಕೊಂಡು ಅನುಪಾತ ವಿಶ್ಲೇಷಣೆ ಮಾಡಿದ ವಿದ್ಯಾರ್ಥಿಗೆ ಇದರ ಸುಳಿವು ಸಿಗುವಂತೆಯೇ ಇರಲಿಲ್ಲ. ಅಚ್ಚಾದ ಅಂಕಿಗಳಿಗೆ ಸೂತ್ರ ಹಚ್ಚಿ ಉತ್ತರ ಬರೆಯುವುದಷ್ಟೇ ಹಣಕಾಸಿನ ಅಧ್ಯಯನವಲ್ಲ ಎಂಬುದಕ್ಕೆ ಇದಕ್ಕಿಂತ ಕಹಿಯಾದ ಉದಾಹರಣೆ ಬೇಕಿಲ್ಲ.

ಆ ಘಟನೆಯ ಬಳಿಕ 2020ರ ಫೆಬ್ರವರಿ 4ರಿಂದ ಬ್ಯಾಂಕ್ ಠೇವಣಿಯ ವಿಮೆ 1 ಲಕ್ಷದಿಂದ 5 ಲಕ್ಷ ರೂ.ಗೆ ಏರಿತು. ಸಹಕಾರಿ ಬ್ಯಾಂಕುಗಳಿಗೂ ಈ ರಕ್ಷಣೆ ಇದೆ. ಆದರೆ ಬ್ಯಾಂಕ್ ಅಲ್ಲದ ಕ್ರೆಡಿಟ್ ಸೊಸೈಟಿಗಳಿಗೆ, ಮರಾಠಿಯಲ್ಲಿ ಪತ್‌ಪೇಢಿ ಎನ್ನುವ ಸಂಸ್ಥೆಗಳಿಗೆ, ಈ ವಿಮೆ ಅನ್ವಯಿಸುವುದಿಲ್ಲ. ಹೊಟೇಲು ಕಾರ್ಮಿಕರು, ಸಣ್ಣ ಅಂಗಡಿಯವರು, ಗೃಹಿಣಿಯರು ನಂಬಿಕೆಯ ಮೇಲೆ ಹಣ ಇಡುವುದು ಹೆಚ್ಚಾಗಿ ಇಂಥಲ್ಲೇ. ಬ್ಯಾಂಕಿಗೂ ಸೊಸೈಟಿಗೂ ಇರುವ ಈ ವ್ಯತ್ಯಾಸ ಅವರಲ್ಲಿ ಎಷ್ಟು ಮಂದಿಗೆ ತಿಳಿದಿದೆ? ಒಂದು ಬಡಾವಣೆಯ ನೂರು ಠೇವಣಿದಾರರನ್ನು ಅವರದೇ ಭಾಷೆಯಲ್ಲಿ ಕೇಳಿ ಬರೆದುಕೊಂಡರೆ ಅದು ಅಂಕಕ್ಕಷ್ಟೇ ಅಲ್ಲ, ಆ ನೂರು ಮನೆಗಳಿಗೂ ಉಪಯೋಗ. ತುಳು, ಕನ್ನಡ, ಮರಾಠಿ, ಹಿಂದಿ ನಾಲ್ಕನ್ನೂ ಆಡಬಲ್ಲ ಮುಂಬಯಿ ಕನ್ನಡಿಗರ ಮಕ್ಕಳಿಗೆ ಈ ಕೆಲಸದಲ್ಲಿ ಇರುವ ಅನುಕೂಲ ಬೇರೆಯವರಿಗಿಲ್ಲ.

ಪ್ರಶ್ನಾವಳಿಯ ಪಾಡು

ಈಗ ನಡೆಯುವ ಸಮೀಕ್ಷೆಗಳ ಬಗ್ಗೆ ಎರಡು ಮಾತು. ಮೊಬೈಲಿನಲ್ಲಿ ಪ್ರಶ್ನಾವಳಿ ತಯಾರಿಸಿ ತರಗತಿಯ ಗ್ರೂಪಿಗೆ ಹಾಕಿದರೆ ಸಂಜೆಯೊಳಗೆ ಐವತ್ತು ಉತ್ತರ ಬರುತ್ತದೆ. ಐವತ್ತೂ ಇಪ್ಪತ್ತರ ಹರೆಯದ ಸಹಪಾಠಿಗಳದು. ಆದರೆ ಪುಸ್ತಕದ ಮೇಲೆ 'ಮುಂಬಯಿಯ ಹೂಡಿಕೆದಾರರ ಮನೋಭಾವ' ಎಂದಿರುತ್ತದೆ! ಸ್ವಂತ ಸಂಬಳವೇ ಇಲ್ಲದವರ ಹೂಡಿಕೆ ಯಾವುದು? ಪ್ರಶ್ನೆಗಳೂ ಉತ್ತರವನ್ನು ಬಾಯಿಗೆ ತುರುಕುವಂಥವು. ಉಳಿತಾಯ ಅಗತ್ಯವೇ ಎಂದು ಕೇಳಿದರೆ ಅಲ್ಲ ಎನ್ನುವವರಾರು? ಕಳೆದ ತಿಂಗಳು ಎಷ್ಟು ಉಳಿಸಿದಿರಿ, ಎಲ್ಲಿ ಇಟ್ಟಿರಿ ಎಂದು ಕೇಳಬೇಕು. ನಲುವತ್ತು ಮಂದಿಯೇ ಸಿಕ್ಕರೂ ಚಿಂತೆಯಿಲ್ಲ, ಆ ನಲುವತ್ತು ಮಂದಿ ಯಾರು, ಅವರನ್ನೇ ಏಕೆ ಕೇಳಲಾಯಿತು ಎಂಬುದನ್ನು ಪ್ರಾಮಾಣಿಕವಾಗಿ ಬರೆದರೆ ಸಾಕು.

ನಕಲಿಗೆ ಕಡಿವಾಣ ಹಾಕುವ ನಿಯಮಗಳೂ ಬಂದಿವೆ. ಯು.ಜಿ.ಸಿ.ಯ 2018ರ ನಿಯಮಾವಳಿಯ ಪ್ರಕಾರ ಸ್ನಾತಕೋತ್ತರ ಮತ್ತು ಮೇಲಿನ ಹಂತದ ಪ್ರಬಂಧಗಳಲ್ಲಿ ಇತರರ ಬರಹದೊಂದಿಗೆ ಹೋಲಿಕೆ ಶೇ. 10ರ ಒಳಗಿದ್ದರೆ ದಂಡವಿಲ್ಲ, ಶೇ. 40ರ ತನಕ ಇದ್ದರೆ ತಿದ್ದಿ ಮತ್ತೆ ಸಲ್ಲಿಸಬೇಕು, ಶೇ. 60 ದಾಟಿದರೆ ನೋಂದಣಿಯೇ ರದ್ದು. ನಾಲ್ಕು ವರ್ಷದ ಪದವಿಯ 2022ರ ಚೌಕಟ್ಟಿನಲ್ಲಿ ಮೊದಲ ಆರು ಸೆಮಿಸ್ಟರ್‌ಗಳಲ್ಲಿ ಶೇ. 75 ಅಂಕ ಪಡೆದವರು ನಾಲ್ಕನೇ ವರ್ಷ ಸಂಶೋಧನೆಯನ್ನೇ ಆರಿಸಿಕೊಳ್ಳಬಹುದು. ಹೀಗಾಗಿ ವಿಷಯ ಹುಡುಕುವ ಕೆಲಸ ಇನ್ನು ಮುಂದೆ ಕೊನೆಯ ತಿಂಗಳಿಗೆ ನಿಲ್ಲುವಂಥದ್ದಲ್ಲ.

ಪ್ರತಿ ವರ್ಷ ಮಳೆಗಾಲದಲ್ಲಿ ಮಹಾನಗರದ ಸಂಘ ಸಂಸ್ಥೆಗಳು ಪ್ರತಿಭಾವಂತ ವಿದ್ಯಾರ್ಥಿಗಳನ್ನು ವೇದಿಕೆಗೆ ಕರೆದು ವಿದ್ಯಾರ್ಥಿವೇತನ, ಪುಸ್ತಕ ನೀಡಿ ಸತ್ಕರಿಸುತ್ತವೆ. ಹೊಟೇಲು ಮಾಲಕರು, ಲೆಕ್ಕ ಪರಿಶೋಧಕರು, ಬ್ಯಾಂಕ್ ನಿವೃತ್ತರು ಅದೇ ವೇದಿಕೆಯಲ್ಲಿ, ಅದೇ ಸಭಾಂಗಣದ ಮುಂದಿನ ಸಾಲಿನಲ್ಲಿ ಇರುತ್ತಾರೆ. ಲಕೋಟೆ ಕೊಡುವ ಕೈ ವಿಸಿಟಿಂಗ್ ಕಾರ್ಡನ್ನೂ ಕೊಟ್ಟು "ಬಾ ಮಗಾ, ನಮ್ಮ ಹೊಟೇಲಿನ ಲೆಕ್ಕ ನೋಡು" ಎಂದರೆ ಅರ್ಧ ಕೆಲಸ ಮುಗಿದಂತೆ. ಹೊಟೇಲು ಮಾಲಕರ ಸಂಘಟನೆ ಆಹಾರ್‌ನಲ್ಲಿ ನಮ್ಮವರ ಪ್ರಭಾವ ಹಿಂದಿನಿಂದಲೂ ಇದೆ. ವಿದ್ಯಾರ್ಥಿಗಳಿಗೆ ಒಂದು ಪರಿಚಯಪತ್ರ ಕೊಡಿಸುವುದು ಅಂಥ ಕಡೆ ಕಷ್ಟವಾಗಲಾರದು.

ಮೇ ತಿಂಗಳ ರಜೆಯಲ್ಲಿ ಊರಿಗೆ ಹೋಗುವ ಮಕ್ಕಳು ಉಡುಪಿಯಲ್ಲಿ ಒಂದು ಬೆಳಗ್ಗೆ ಬಿಡುವು ಮಾಡಿಕೊಳ್ಳಬಹುದು. 1906ರಲ್ಲಿ ಕಾರ್ಪೊರೇಷನ್ ಬ್ಯಾಂಕನ್ನು ಸ್ಥಾಪಿಸಿದ ಹಾಜಿ ಅಬ್ದುಲ್ಲಾ ಸಾಹೇಬರ ಹಳೆಯ ಮನೆಯಲ್ಲೇ ಬ್ಯಾಂಕಿನ ಪರಂಪರೆಯ ಸಂಗ್ರಹಾಲಯವಿದೆ. ಅಲ್ಲಿಂದ ಹಿಂದಿರುಗಿ ಜೂನ್‌ನಲ್ಲಿ ಕಾಲೇಜು ತೆರೆದಾಗ ಮಾರ್ಗದರ್ಶಕರ ಮುಂದೆ ವಿಷಯ ಹೇಳಲು ಇನ್ನೂ ಎಂಟು-ಒಂಬತ್ತು ತಿಂಗಳ ಸಮಯ ಕೈಯಲ್ಲಿರುತ್ತದೆ.