ಉಮರ್ಗಾದ ಥಂಡಿ ಮಿಸ್ತ್ರಿ

ಬಾನೆಟ್ ಎತ್ತಿದವರು ಪಾನಾ, ಗೇಜು ಯಾವುದನ್ನೂ ಮುಟ್ಟಲಿಲ್ಲ. ಎಂಜಿನ್ ಓಡುತ್ತಿರುವಂತೆಯೇ, ಹಂಚಿನ ಮೇಲಿನ ರೊಟ್ಟಿ ತಿರುವುವವರ ಹಾಗೆ, ಎರಡು ಅಲ್ಯೂಮಿನಿಯಂ ಪೈಪುಗಳಿಗೆ ಬೆರಳ ತುದಿ ತಾಗಿಸಿ ತೆಗೆದರು.

"ದಪ್ಪ ಪೈಪ್ ಬೆವರಬೇಕ್ರಿ ಸರ್, ಸಣ್ಣದು ಸುಡಬೇಕು. ನಿಮ್ಮ ಗಾಡ್ಯಾಗ ಎರಡೂ ಉಗುರುಬೆಚ್ಚಗ ಅವ. ಜಗಳಾನೇ ಇಲ್ಲ, ಥಂಡಿ ಹ್ಯಾಂಗ ಬರ್ತದ?"

ಸೋಲಾಪುರ–ಹೈದರಾಬಾದ್ ಹೆದ್ದಾರಿಯ ಬದಿಗೆ, ಉಮರ್ಗಾದಲ್ಲಿ ಅವರ ತಗಡಿನ ಶೆಡ್ಡು. ಬಸವಕಲ್ಯಾಣ ಹಿಂದೆ ಬಿಟ್ಟು ರಾಜ್ಯದ ಗಡಿ ದಾಟುವಷ್ಟರಲ್ಲಿ ನನ್ನ ಹಳೆಯ ಮಾರುತಿ ಝೆನ್ ಬಿಸಿಗಾಳಿ ಊದತೊಡಗಿತ್ತು. ದಾರಿಯಲ್ಲಿ ಕೇಳಿದವರೆಲ್ಲ ಒಂದೇ ಹೆಸರು ಹೇಳಿದರು: ಥಂಡಿ ಮಿಸ್ತ್ರಿ. ನಿಜವಾದ ಹೆಸರು ಬರೆಯಬೇಡಿ ಎಂದು ಅವರೇ ಹೇಳಿದ್ದರಿಂದ ಇಲ್ಲಿಯೂ ಅದೇ ಇರಲಿ.

ನಿಲಂಗಾದಿಂದ ಬಂದ ಜೀಪಿನವರೊಡನೆ ಮರಾಠಿ, ಉದಗೀರದ ಟ್ಯಾಕ್ಸಿಯವರೊಡನೆ ದಖನಿ, ನನ್ನೊಡನೆ ಬೀದರ ಕಡೆಯ ಕನ್ನಡ. ಗೇಜಿನ ಮುಳ್ಳನ್ನು ಮಾತ್ರ ಯಾರೆದುರಾದರೂ 'ಪೈಂತೀಸ್, ಚಾಲೀಸ್' ಎಂದೇ ಓದುತ್ತಾರೆ. ಅದು ಹೈದರಾಬಾದಿನ ಉಸ್ತಾದರು ಕೊಟ್ಟ ಬಳುವಳಿ. ಉದಗೀರ, ನಿಲಂಗಾಗಳು 1956ರವರೆಗೆ ಬೀದರ ಜಿಲ್ಲೆಯಲ್ಲೇ ಇದ್ದವು. ಆಮೇಲೆ ಉಸ್ಮಾನಾಬಾದ್, 1982ರಿಂದ ಲಾತೂರ. ಜಿಲ್ಲೆ ಬದಲಾದವು, ಗಿರಾಕಿಗಳ ದಾರಿ ಬದಲಾಗಲಿಲ್ಲ.

ಈ ಕಸುಬಿನ ಇತಿಹಾಸ ನನಗೆ ಸಿಕ್ಕಿದ್ದು ಅವರ ಬಾಯಿಂದಲೇ. ಹುಡುಗನಾಗಿದ್ದಾಗ ಹೈದರಾಬಾದಿಗೆ ಹೋಗಿ, ಅಂಬಾಸಿಡರ್ ಗಾಡಿಗಳ ಡ್ಯಾಶ್‌ಬೋರ್ಡ್ ಕೆಳಗೆ ಎಸಿ ಡಬ್ಬಿ ಕೂಡಿಸುವುದನ್ನು ಕಲಿತರು. ಊರಿಗೆ ಮರಳಿದ್ದು ಕಿಲ್ಲಾರಿ ಭೂಕಂಪದ ವರ್ಷ, ಅಂದರೆ 1993. ಈ ಸೀಮೆಯ ಹಿರಿಯರು ಮದುವೆ, ಮನೆ, ಅಂಗಡಿ ಎಲ್ಲವನ್ನೂ ಆ ಸೆಪ್ಟೆಂಬರ್ 30ರ ಆಚೆ ಈಚೆ ಎಂದೇ ಲೆಕ್ಕ ಹಾಕುತ್ತಾರೆ.

ಆಗ ಗಾಡಿಗಳಲ್ಲಿದ್ದದ್ದು ಆರ್-12 ಎಂಬ ಗ್ಯಾಸು. ಓಝೋನ್ ಪದರವನ್ನು ತಿನ್ನುತ್ತದೆಂದು 1987ರ ಮಾಂಟ್ರಿಯಲ್ ಒಪ್ಪಂದ ಅದನ್ನು ಹಂತಹಂತವಾಗಿ ನಿಲ್ಲಿಸಹೊರಟಿತು. ಅದರ ಜಾಗಕ್ಕೆ ಆರ್-134ಎ ಬಂತು. ಉಮರ್ಗಾದ ಶೆಡ್ಡಿನಲ್ಲಿ ಈ ಒಪ್ಪಂದ ಜಾರಿಯಾದದ್ದು ಒಂದು ಗಾಜಿನ ರೂಪದಲ್ಲಿ.

ಹಳೆಯ ಗಾಡಿಗಳ ಡ್ರೈಯರ್ ಎಂದರೆ ಗ್ಯಾಸಿನಲ್ಲಿರುವ ತೇವ ಹೀರುವ ಸಣ್ಣ ಡಬ್ಬಿ. ಅದರ ನೆತ್ತಿಯ ಮೇಲೆ ಅಂಗಿಯ ಗುಂಡಿಯಷ್ಟಗಲದ ಗಾಜು ಇರುತ್ತಿತ್ತು. ಮಿಸ್ತ್ರಿಗಳು ಅದನ್ನು ಕಣ್ಣು ಎನ್ನುತ್ತಾರೆ. ಗುಳ್ಳೆ ಓಡುತ್ತಿದ್ದರೆ ಗ್ಯಾಸ್ ಕಮ್ಮಿ. ಗುಳ್ಳೆ ನಿಂತು ತಿಳಿಯಾದರೆ ಭರ್ತಿ. ಉಸ್ತಾದರು ಗೇಜ್ ಮುಟ್ಟಲು ಕೊಡುವ ಮೊದಲು ಈ ಹುಡುಗನನ್ನು ತಿಂಗಳುಗಟ್ಟಲೆ ಆ ಕಣ್ಣಿನೆದುರು ಕೂರಿಸಿದ್ದರಂತೆ. ಎಣ್ಣೆಯ ಗೆರೆ ಯಾವುದು, ಗುಳ್ಳೆ ಯಾವುದು, ಬರೀ ಖಾಲಿಯಾದ ಗಾಜು ಯಾವುದು? ತಿಳಿಯಾದ ಗಾಜಿಗೂ ಖಾಲಿ ಗಾಜಿಗೂ ನೋಡಲು ಭೇದವೇ ಇಲ್ಲ. ಆಗ ಪೈಪ್ ಮುಟ್ಟಿಯೇ ತಿಳಿಯಬೇಕು. ಬೆರಳಿನ ಅಭ್ಯಾಸ ಶುರುವಾದದ್ದು ಹಾಗೆ.

ಹೊಸ ಗ್ಯಾಸು ಬಂದಾಗ ಆ ಕಣ್ಣು ಸುಳ್ಳು ಹೇಳತೊಡಗಿತು. 134ಎಯಲ್ಲಿ ಗುಳ್ಳೆ ಪೂರ್ತಿ ನಿಲ್ಲುವವರೆಗೆ ತುಂಬಿದರೆ ಅಳತೆ ಮೀರುತ್ತದೆ, ಥಂಡಿ ಹೆಚ್ಚುವ ಬದಲು ಇಳಿಯುತ್ತದೆ. "ಒಂದ್ ಬ್ಯಾಸಗಿ ಪೂರಾ ತಪ್ಪು ಮಾಡೀನ್ರಿ. ಕಣ್ಣು ನಂಬಿ," ಎಂದು ಮಿಸ್ತ್ರಿ ನಕ್ಕರು. ಈಗ ಶೆಡ್ಡಿನಲ್ಲಿ ತಕ್ಕಡಿಯಿದೆ. ಸಣ್ಣ ಕಾರಿಗೆ 400–500 ಗ್ರಾಂ ಹಿಡಿಯುತ್ತದೆ. ಸರಿಯಾದ ಲೆಕ್ಕ ಬಾನೆಟ್ ಒಳಗಿನ ಚೀಟಿಯಲ್ಲಿರುತ್ತದೆ. 50 ಗ್ರಾಂ ಹೆಚ್ಚುಕಮ್ಮಿಯಾದರೂ ಗಾಡಿ ಹೇಳಿಬಿಡುತ್ತದೆ.

ನನ್ನ ಗಾಡಿಗೆ ಹಿಂದಿನೆರಡು ಬೇಸಿಗೆಯಲ್ಲಿ ಬೇರೆ ಕಡೆ ಎರಡು ಸಲ ಗ್ಯಾಸ್ ಹಾಕಿಸಿದ್ದೆ. ಅದನ್ನು ಹೇಳಿದಾಗ ಮಿಸ್ತ್ರಿಯ ಮುಖ ಗಂಟಾಯಿತು. "ಗ್ಯಾಸ್ ಅಂದ್ರ ಪೆಟ್ರೋಲ್ ಅಲ್ರಿ, ಸುಟ್ಟು ಖಾಲಿ ಆಗ್ಲಿಕ್ಕಿ. ಕಮ್ಮಿ ಆಗ್ಯಾದ ಅಂದ್ರ ಎಲ್ಲೋ ಹೊರಬಿದ್ದದ. ಎಲ್ಲಿ ಹೋತು ನೋಡ್ದೇ ಹಾಕೂದು ತೂತಿನ ಕೊಡಕ್ಕ ನೀರು ಹಾಕ್ದಂಗ."

ಆಮೇಲೆ ಗೇಜ್ ಹೊರಬಂತು. ನೀಲಿ ಕೊಳವೆ ದಪ್ಪ ಪೈಪಿಗೆ, ಕೆಂಪು ಸಣ್ಣ ಪೈಪಿಗೆ. ಬೇಸಿಗೆಯಲ್ಲಿ ನೀಲಿ 30–40, ಕೆಂಪು 200–250 ಪಿಎಸ್‌ಐ ಆಸುಪಾಸು ಇರಬೇಕು. ಎರಡೂ ಇಳಿದಿದ್ದರೆ ಗ್ಯಾಸ್ ಕಮ್ಮಿ. ಎರಡೂ ಏರಿದ್ದರೆ ಅಳತೆ ಮೀರಿ ತುಂಬಿದ್ದಾರೆ, ಇಲ್ಲವೇ ಮುಂದಿನ ಕಂಡೆನ್ಸರಿನಲ್ಲಿ ಧೂಳು, ಹೊಟ್ಟು ಕೂತು ಬಿಸಿ ಹೊರಹೋಗುತ್ತಿಲ್ಲ. ತೊಗರಿ ರಾಶಿಯ ಕಾಲ ಮುಗಿದ ಮೇಲೆ ಬರುವ ಎಷ್ಟೋ ಗಾಡಿಗಳನ್ನು ಅವರು ನೀರು ಹೊಡೆದು, ಫ್ಯಾನ್ ನೋಡಿ, ಹಾಗೇ ಕಳಿಸುತ್ತಾರೆ. ನೀಲಿ ಏರಿ ಕೆಂಪು ಇಳಿದಿದ್ದರೆ ಕಂಪ್ರೆಸರ್ ಸೋತಿದೆ ಎಂದೇ ಅನುಮಾನ. ನನ್ನದು ಮೊದಲ ಜಾತಿ.

ಸೋರುವ ಜಾಗಕ್ಕೆ ಗುರುತು ಮಣ್ಣೇ. ಗ್ಯಾಸಿನೊಡನೆ ಕಂಪ್ರೆಸರಿನ ಎಣ್ಣೆಯೂ ಒಸರುತ್ತದೆ, ಎಣ್ಣೆಗೆ ಧೂಳು ಅಂಟುತ್ತದೆ. ಕಂಡೆನ್ಸರಿನ ಕೀಲಿನ ಹತ್ತಿರ ಕಪ್ಪು ಕಲೆಯೊಂದನ್ನು ಅವರು ಉಗುರಿನಿಂದ ಕೆರೆದು ತೋರಿಸಿದರು. ಉಳಿದ ಗ್ಯಾಸ್ ತೆಗೆದು, ನೈಟ್ರೋಜನ್ ತುಂಬಿ, ಸೋಪಿನ ನೀರು ಸವರಿದಾಗ ಅಲ್ಲೇ ಸಣ್ಣಗೆ ನೊರೆ ಎದ್ದಿತು. ಒಳಗೆ ಒಣಗಿ ಬಿರುಕುಬಿಟ್ಟ ಓ-ರಿಂಗ್. ಅದರ ಬದಲಿಗೆ ಹಸಿರು ಬಣ್ಣದ ಹೊಸದು, ಜೊತೆಗೆ ಹೊಸ ಡ್ರೈಯರ್. ಆಮೇಲೆ ಅರ್ಧ ಗಂಟೆ ವ್ಯಾಕ್ಯೂಮ್ ಪಂಪ್. ನಿರ್ವಾತದ ಮುಳ್ಳು 30 ಇಂಚಿಗೆ ಮುಟ್ಟದೆ 28ರ ಹತ್ತಿರ ನಿಂತಿತು. ಸಮುದ್ರಕ್ಕಿಂತ ಸುಮಾರು 600 ಮೀಟರ್ ಎತ್ತರದ ಈ ಪ್ರಸ್ಥಭೂಮಿಯಲ್ಲಿ ಅದರ ಮಿತಿ ಅಷ್ಟೇ. ಪಂಪ್ ನಿಲ್ಲಿಸಿದ ಮೇಲೂ ಮುಳ್ಳು ಅಲುಗದಿದ್ದಾಗ ಮಿಸ್ತ್ರಿ ಚಹಾ ತರಿಸಿದರು. ಗ್ಯಾಸ್ ತುಂಬಿದ್ದು ಚಹಾ ಮುಗಿಯುವಷ್ಟರಲ್ಲಿ, ಅದರಲ್ಲಿ ನೋಡುವಂಥದ್ದೇನಿಲ್ಲ.

ಒಂದು ಮಾತು ಮಾತ್ರ ಮನಸ್ಸಿನಲ್ಲಿ ಉಳಿಯಿತು. ನನ್ನ ಗಾಡಿಯ ಹಳೆಯ ಗ್ಯಾಸ್ ಗಾಳಿಗೇ ಹೋಯಿತು. 134ಎ ಓಝೋನನ್ನು ತಿನ್ನದಿದ್ದರೂ ಭೂಮಿಯನ್ನು ಬಿಸಿ ಮಾಡುವುದರಲ್ಲಿ ಇಂಗಾಲದ ಡೈಆಕ್ಸೈಡಿಗಿಂತ ಸಾವಿರ ಪಟ್ಟಿಗೂ ಹೆಚ್ಚು ಬಲದ್ದು. ಹಿಡಿದಿಡುವ ಯಂತ್ರವಿದೆ, ತಗಡಿನ ಶೆಡ್ಡಿಗೆ ಅದು ನಿಲುಕುವುದಿಲ್ಲ. ತಾಲೂಕಿಗೊಂದಾದರೂ ಇಂಥ ಯಂತ್ರವನ್ನು ಬಾಡಿಗೆಗೆ ಕೊಡುವ ವ್ಯವಸ್ಥೆ ಸರ್ಕಾರಕ್ಕೆ ದೊಡ್ಡ ಮಾತೇನಲ್ಲ. ಕಲಬೆರಕೆಯ ಭಯ ಬೇರೆ: ಅಗ್ಗದ ಡಬ್ಬಿಯಲ್ಲಿ ಅಡುಗೆ ಗ್ಯಾಸಿನ ಜಾತಿಯದ್ದು ಸೇರಿದ್ದರೆ ಅದು ಹೊತ್ತಿಕೊಳ್ಳಬಲ್ಲದು. ಮುಂದಿನ ಗಾಡಿಗಳ ಗ್ಯಾಸು ಆರ್-1234ವೈಎಫ್. ದುಬಾರಿ, ಕೊಳವೆಯ ಮೂತಿಯೂ ಬೇರೆ. ಬ್ಯಾಟರಿ ಗಾಡಿಯ ಕಂಪ್ರೆಸರಿಗೆ ಎಣ್ಣೆಯೇ ಬೇರೆ. ಇದನ್ನೆಲ್ಲ ಕಲಿಯಬೇಕಿದ್ದ ಇಬ್ಬರು ಹುಡುಗರು ಪುಣೆಗೆ ಹೋಗಿದ್ದಾರೆ. ಅಲ್ಲಿ ಕೆಲಸ ಮಾಡುವ ಜಾಗಕ್ಕೇ ಎಸಿ ಇದೆಯಂತೆ.

ಹೊರಡುವಾಗ ದಪ್ಪ ಪೈಪಿಗೆ ನನ್ನ ಬೆರಳನ್ನೂ ಮುಟ್ಟಿಸಿದರು. ಮಡಕೆಯ ಹೊರಮೈಯಂತೆ ಬೆವರುತ್ತಿತ್ತು.

ಬಿಲ್ಲು ಬರೆದದ್ದು ಮರಾಠಿಯಲ್ಲಿ. ಮೇಜಿನ ಮೇಲೆ ಬಿಲ್ಲುಗಳನ್ನು ಅದುಮಿ ಇಟ್ಟದ್ದು ಯಾವುದೋ ಅಂಬಾಸಿಡರಿನಿಂದ ಬಿಚ್ಚಿದ ಹಳೆಯ ಡ್ರೈಯರ್. ಗಾಜು ಒರೆಸಿ ಒಳಗೆ ಇಣುಕಿದೆ.

"ಏನೂ ಕಾಣಂಗಿಲ್ರಿ ಈಗ."

"ಮತ್ಯಾಕೆ ಇಟ್ಕೊಂಡೀರಿ ಮಿಸ್ತ್ರಿ?"

ಅದನ್ನು ನನ್ನ ಕೈಯಿಂದ ತೆಗೆದುಕೊಂಡು, ಕಣ್ಣು ಮೇಲೆ ಬರುವಂತೆ ಮತ್ತೆ ಬಿಲ್ಲುಗಳ ಮೇಲಿಟ್ಟರು.

"ಫ್ಯಾನಿನ ಗಾಳಿ ಭಾಳ ಅದ್ರಿ. ಕಾಗದ ಹಾರ್ತಾವ."