ಹಾಸಿಗೆ ಹಿಡಿದವರನ್ನು ಹೊರಳಿಸುವ, ಏಳಿಸುವ ಕ್ರಮ



ಏಳಲಾರದೆ ಬಿದ್ದ ಹಸುವನ್ನು ತಾವು ಹೇಗೆ ನೋಡಿಕೊಳ್ಳುತ್ತೀರಿ ಎಂಬುದನ್ನು ಮೊದಲು ನೆನೆಯಿರಿ. ಅಡಿಗೆ ದಪ್ಪವಾಗಿ ಹುಲ್ಲು ಹಾಸುತ್ತೀರಿ. ದಿನಕ್ಕೆ ಹಲವು ಸಲ ಮಗ್ಗುಲು ಬದಲಿಸುತ್ತೀರಿ. ಒಂದೇ ಮಗ್ಗುಲಲ್ಲಿ ಬಿಟ್ಟರೆ ಅಡಿಯ ಕಾಲಿನ ಮಾಂಸಖಂಡ ಮತ್ತು ನರ ಕೆಟ್ಟು, ಹಸು ಮತ್ತೆ ಏಳುವುದು ಕಷ್ಟವೆಂದು ತಮಗೆ ಗೊತ್ತು. ಮನುಷ್ಯರ ವಿಷಯದಲ್ಲಿಯೂ ನ್ಯಾಯ ಇದೇ. ಆದರೆ ಕ್ರಮ ತಿಳಿಯದೆ ಎಷ್ಟೋ ಮನೆಗಳಲ್ಲಿ ಹಾಸಿಗೆ ಹಿಡಿದ ಹಿರಿಯರಿಗೆ ಈ ಉಪಚಾರ ಸಿಕ್ಕುತ್ತಿಲ್ಲ.

ಪಾರ್ಶ್ವವಾಯು ಬಡಿದವರು, ಸೊಂಟದ ಮೂಳೆ ಮುರಿದವರು ಗುಂಡ್ಲುಪೇಟೆಯ ತಾಲ್ಲೂಕು ಆಸ್ಪತ್ರೆಯಲ್ಲಾಗಲಿ, ಚಾಮರಾಜನಗರ, ಮೈಸೂರುಗಳ ದೊಡ್ಡ ಆಸ್ಪತ್ರೆಗಳಲ್ಲಾಗಲಿ ಇರುವುದು ಕೆಲವು ದಿನ ಮಾತ್ರ. ಆಮೇಲೆ ತಿಂಗಳುಗಟ್ಟಲೆ ಶುಶ್ರೂಷೆ ಮನೆಯವರದು. ರೋಗಿಯನ್ನು ಹೊರಳಿಸುವ, ಏಳಿಸುವ ಕ್ರಮವನ್ನು ದಾದಿಯರಿಗೆ ಪಾಠ ಹೇಳಿ ಕಲಿಸುತ್ತಾರೆ. ಮನೆಯಲ್ಲಿ ಅದೇ ಕೆಲಸ ಹೆಂಡತಿಯ ಅಥವಾ ಸೊಸೆಯ ಪಾಲಿಗೆ ಬರುತ್ತದೆ, ಆಕೆಗೆ ಕಲಿಸಿದವರಿಲ್ಲ. ಹೀಗಾಗಿ ರೋಗಿಯ ಬೆನ್ನಿಗೆ ಹುಣ್ಣು, ಆಕೆಯ ಸೊಂಟಕ್ಕೆ ನೋವು.

“ಅರಿಸಿನದ ಮೂಟೆ ಹೊರುವವನಿಗೆ ಐವತ್ತು ಕಿಲೋ ತೂಗುವ ಮುದುಕ ಒಂದು ಭಾರವೇ?” ಎಂದು ಕೇಳುವವರುಂಟು. ಮೂಟೆ ಹೆಗಲಿಗೆ ಅಂಟಿಕೊಂಡು ಅಲ್ಲಾಡದೆ ಕೂತಿರುತ್ತದೆ. ರೋಗಿಯಾದರೋ ನಡುವೆ ಜಾರುತ್ತಾನೆ, ಹೆದರಿ ಕೊರಳು ಹಿಡಿಯುತ್ತಾನೆ. ಮೇಲಾಗಿ, ಮಂಚದ ಮೇಲೆ ಬಾಗಿ ಕೈಚಾಚಿ ಎತ್ತುವಾಗ ಭಾರ ನಮ್ಮ ಮೈಯಿಂದ ದೂರವಿರುತ್ತದೆ. ಉದ್ದನೆಯ ಸನಿಕೆಯ ತುದಿಯಲ್ಲಿ ಕಲ್ಲು ಎತ್ತಿದಂತೆ ಅದರ ಒತ್ತಡ ಹಲವು ಪಟ್ಟಾಗಿ ಸೊಂಟದ ಮೇಲೆ ಬೀಳುತ್ತದೆ. ಅಮೆರಿಕ ಸರ್ಕಾರದ ಔದ್ಯೋಗಿಕ ಆರೋಗ್ಯ ಸಂಸ್ಥೆಯ ಥಾಮಸ್ ವಾಟರ್ಸ್ ಎಂಬ ವಿಜ್ಞಾನಿ ೨೦೦೭ರಲ್ಲಿ ಇದನ್ನು ಲೆಕ್ಕ ಹಾಕಿ, ರೋಗಿಯನ್ನು ಎತ್ತುವಾಗ ಒಬ್ಬರ ಮೇಲೆ ಸುಮಾರು ೧೬ ಕಿಲೋಗಿಂತ ಹೆಚ್ಚು ಭಾರ ಬೀಳಕೂಡದೆಂದು ತಿಳಿಸಿದರು. ಆದುದರಿಂದ ಸಾಧ್ಯವಾದಷ್ಟೂ ಎತ್ತುವುದನ್ನು ಬಿಟ್ಟು, ಹೊರಳಿಸುವುದನ್ನೂ ಜಾರಿಸುವುದನ್ನೂ ಕಲಿಯತಕ್ಕದ್ದು.

೧. ಮಗ್ಗುಲು ಬದಲಿಸುವುದು: ತಾನಾಗಿ ಹೊರಳಲಾರದವರನ್ನು ಸುಮಾರು ಎರಡು ಗಂಟೆಗೊಮ್ಮೆ ಹೊರಳಿಸಬೇಕು. ಯಾವ ಕಡೆಗೆ ಹೊರಳಿಸಬೇಕೋ ಆ ಕಡೆ ನಿಲ್ಲಿ. ಅವರ ಆಚೆಯ ಕೈಯನ್ನು ಎದೆಯ ಮೇಲಿಡಿ, ಆಚೆಯ ಮಂಡಿಯನ್ನು ಮಡಿಸಿ. ಒಂದು ಕೈಯನ್ನು ಆಚೆಯ ಭುಜದ ಹಿಂದೆ, ಇನ್ನೊಂದನ್ನು ಸೊಂಟದ ಹಿಂದೆ ಇಟ್ಟು, ನಿಮ್ಮ ಮೈಭಾರವನ್ನು ಹಿಂದಿನ ಕಾಲಿಗೆ ಹಾಕಿದರೆ ಅವರು ಸುಲಭವಾಗಿ ನಿಮ್ಮತ್ತ ಹೊರಳುತ್ತಾರೆ. ಮಂಡಿಗಳ ನಡುವೆ ದಿಂಬಿಡಿ. ಬೆನ್ನಿನ ಬುಡ, ಸೊಂಟ, ಹಿಮ್ಮಡಿಗಳನ್ನು ದಿನವೂ ನೋಡಿ. ಒತ್ತಿದರೂ ಮಾಸದ ಕೆಂಪು ಕಂಡರೆ ಅದು ಹುಣ್ಣಿನ ಮೊದಲು. ಸೊಂಟದ ಶಸ್ತ್ರಚಿಕಿತ್ಸೆ ಆದವರನ್ನು ಯಾವ ಮಗ್ಗುಲಿಗೆ ಹೊರಳಿಸಬಹುದೆಂದು ವೈದ್ಯರನ್ನು ಕೇಳಿಯೇ ಮುಂದುವರಿಯಿರಿ.

೨. ತಲೆದೆಸೆಗೆ ಸರಿಸುವುದು: ಕಂಕುಳಿಗೆ ಕೈಕೊಟ್ಟು ಎಳೆಯಕೂಡದು, ಚರ್ಮ ಉಜ್ಜಿ ಕಿತ್ತುಬರುತ್ತದೆ. ಭುಜದಿಂದ ತೊಡೆಯವರೆಗೆ ಮಡಿಸಿದ ದುಪ್ಪಟಿಯನ್ನು ಅಡಿಗೆ ಹಾಸಿ. ಇಬ್ಬರು ಎರಡು ಕಡೆ ನಿಂತು, ಅಂಚುಗಳನ್ನು ಮೈಯ ಹತ್ತಿರಕ್ಕೆ ಸುತ್ತಿ ಹಿಡಿದು, “ಒಂದು, ಎರಡು, ಮೂರು” ಎಂದು ಎಣಿಸಿ ಒಟ್ಟಿಗೆ ಜಾರಿಸಿ. ರೋಗಿಗೆ ಶಕ್ತಿಯಿದ್ದರೆ ಮಂಡಿ ಮಡಿಸಿ ಪಾದ ಒತ್ತಿ ತಾನೂ ನೆರವಾಗಲಿ.

೩. ಕೂರಿಸಿ ನಿಲ್ಲಿಸುವುದು: ಮಗ್ಗುಲಿಗೆ ಹೊರಳಿಸಿ, ಕಾಲುಗಳನ್ನು ಮಂಚದಿಂದ ಇಳಿಬಿಟ್ಟು, ಭುಜ ಹಿಡಿದು ಕೂರಿಸಿ. ತಲೆಸುತ್ತು ಹೋಗುವವರೆಗೆ ಕಾಯಿರಿ. ಪಾದಗಳು ಪೂರಾ ನೆಲಕ್ಕೆ ತಾಕಬೇಕು. ಕುರ್ಚಿಯನ್ನು ಅವರ ಬಲವಿರುವ ಕಡೆಗೆ ಹತ್ತಿರವಿಡಿ. ಪಂಚೆಯನ್ನು ಮಡಿಸಿ ಸೊಂಟಕ್ಕೆ ಭದ್ರವಾಗಿ ಕಟ್ಟಿ, ಅದನ್ನು ಹಿಡಿಯಿರಿ. ಸ್ವಾಧೀನ ತಪ್ಪಿದ ಕೈಯನ್ನು ಎಳೆದರೆ ಭುಜದ ಕೀಲು ಕಳಚೀತು. ನಿಮ್ಮ ಕೊರಳಿಗೆ ಜೋತುಬೀಳಲು ಬಿಡಬೇಡಿ. ಅವರು ಮುಂದಕ್ಕೆ ಬಾಗಿ, ತಮ್ಮ ಕಾಲಿನ ಬಲದಿಂದಲೇ ಏಳಲಿ. ಕುಸಿದರೆ ಎತ್ತಿ ಹಿಡಿಯಲು ಹೋಗದೆ, ನಿಮ್ಮ ಕಾಲಿಗೆ ಒರಗಿಸಿ ಮೆಲ್ಲಗೆ ನೆಲಕ್ಕೆ ಜಾರಿಸಿ, ನೆರವಿಗೆ ಕೂಗಿ.

ನೆಲದ ಚಾಪೆಯ ಮೇಲಿರುವವರನ್ನು ನೋಡಿಕೊಳ್ಳುವವರು ಸೊಂಟ ಬಾಗಿಸುವ ಬದಲು ಒಂದು ಮಂಡಿಯೂರಿ ಕೂರಲಿ. ಅನುಕೂಲವಿದ್ದರೆ ರೋಗಿಗೆ ಮಂಚ ಕೊಡಿ.

೪. ಮರದಿಂದ ಬಿದ್ದವರು: ತೆಂಗಿನ ಮರದಿಂದಲೋ, ಹುಣಿಸೆ ಮರದಿಂದಲೋ ಬಿದ್ದವರಿಗೆ, ವಾಹನದ ಪೆಟ್ಟು ತಿಂದವರಿಗೆ ಮೇಲಿನ ಕ್ರಮಗಳು ಸಲ್ಲವು. ಕುತ್ತಿಗೆ, ಬೆನ್ನುಹುರಿಗೆ ಪೆಟ್ಟಾಗಿರಬಹುದು. ಎತ್ತಿ ಕೂರಿಸಿದರೆ ಕೈಕಾಲು ಶಾಶ್ವತವಾಗಿ ಸ್ವಾಧೀನ ತಪ್ಪಬಹುದು. ಬಿದ್ದಲ್ಲೇ ತಲೆಯನ್ನು ಅಲುಗದಂತೆ ಹಿಡಿದು, ೨೦೦೮ರಿಂದ ನಮ್ಮ ರಾಜ್ಯದಲ್ಲಿ ನಡೆಯುತ್ತಿರುವ ೧೦೮ರ ವಾಹನಕ್ಕೆ ಫೋನ್ ಮಾಡಿ. ನಮ್ಮ ಜಿಲ್ಲೆಯ ಮಲೆ ಮಹದೇಶ್ವರ ಬೆಟ್ಟದ ಕಾಡಿನ ಊರುಗಳಿಂದ ದಾರಿಯಿಲ್ಲದೆ ರೋಗಿಗಳನ್ನು ಡೋಲಿ ಕಟ್ಟಿ ಹೊತ್ತು ತಂದದ್ದುಂಟು. ಹೆರಿಗೆಯವರಿಗೆ, ಜ್ವರದವರಿಗೆ ಬಟ್ಟೆಯ ಡೋಲಿ ಆದೀತು. ಬೆನ್ನಿಗೆ ಪೆಟ್ಟಾದವರು ಅದರಲ್ಲಿ ಬಿಲ್ಲಿನಂತೆ ಬಾಗುತ್ತಾರೆ. ಹೊರಲೇಬೇಕಾದರೆ ಹಲಗೆ ಅಥವಾ ಕಳಚಿದ ಬಾಗಿಲು ತನ್ನಿ. ನಾಲ್ಕೈದು ಜನ ಸೇರಿ ತಲೆ, ಬೆನ್ನು, ಕಾಲು ಒಂದೇ ನೇರದಲ್ಲಿರುವಂತೆ ಒಟ್ಟಿಗೆ ಸರಿಸಿ, ಅಲ್ಲಾಡದಂತೆ ಕಟ್ಟಿ.

ಕೊನೆಯದಾಗಿ ಗಂಡಸರಿಗೆ ಒಂದು ಮಾತು. ದುಪ್ಪಟಿಗೆ ಎರಡು ಅಂಚುಗಳಿವೆ. ಒಂದನ್ನು ಹಿಡಿಯಲು ತಾವು ಬರಬೇಕು. ಹೊಲಕ್ಕೆ ಹೋಗುವ ಮುನ್ನ ಒಮ್ಮೆ, ಬಂದ ಮೇಲೆ ಒಮ್ಮೆ, ರಾತ್ರಿ ಸರದಿಯ ಮೇಲೆ ಕೈಗೂಡಿಸಿರಿ. ಇಲ್ಲಿ ಬರೆದುದನ್ನು ಓದಿದರೆ ಸಾಲದು, ಕಣ್ಣಾರೆ ನೋಡಿ ಕಲಿಯಬೇಕು. ರೋಗಿಯನ್ನು ಆಸ್ಪತ್ರೆಯಿಂದ ಮನೆಗೆ ಕರೆತರುವ ದಿನವೇ ಅಲ್ಲಿಯ ದಾದಿಯರನ್ನು ಕೇಳಿ ತೋರಿಸಿಕೊಳ್ಳಿ. ಈಗಾಗಲೇ ಮನೆಯಲ್ಲಿರುವವರ ವಿಷಯವನ್ನು ಊರಿನ ಆಶಾ ಕಾರ್ಯಕರ್ತೆಗೆ ತಿಳಿಸಿರಿ.